ಹಳೇ ಝೆನ್‌ಗೆ ಮಳೆಗಾಲಕ್ಕೆ ಮೊದಲು ಅಂಡರ್‌ಬಾಡಿ ವ್ಯಾಕ್ಸ್ ಹೊಡೆಸಿದ್ದು, ಚಿಕ್ಕಮಗಳೂರು

ಚಿಕ್ಕಮಗಳೂರಲ್ಲಿ ಹಳೇ ಕಾರಿಗೆ ತುಕ್ಕು ಹಿಡೀದೇ ಇರೋ ಹಾಗೆ ಕೋಟಿಂಗ್ ಎಲ್ಲಿ ಮಾಡಿಸ್ಬೋದು ಅಂತ ತುಂಬಾ ಜನ ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ. ಬೇಲೂರು ರೋಡ್ ಕಡೆ ಒಂದು ಸಣ್ಣ ಗ್ಯಾರೇಜ್, ಹೆಸರು ಹಾಕ್ಬೇಡಿ ಅಂತ ಅವ್ರೇ ಹೇಳಿದಾರೆ, ಇರೋ ಕೆಲ್ಸಾನೇ ಮುಗೀತಿಲ್ವಂತೆ. ಕಾರು ಅಪ್ಪಂದು, 98ರ ಮಾರುತಿ ಝೆನ್, ಕೆಎ 18. ಇಂಜಿನ್ ಬಗ್ಗೆ ನನಗೆ ಚಿಂತೆನೇ ಇಲ್ಲ, 993 ಸಿಸಿ ಅಲ್ಯೂಮಿನಿಯಂ ಇಂಜಿನ್ನು, ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗತ್ತೆ, ಕೈಮರ ದಾಟಿ ಘಾಟಿ ಹತ್ತೋವಾಗ ಈಗಿನ ಗಾಡಿಗಳ ಹಿಂದೆನೇ ಹೋಗತ್ತೆ. ಹೋಗೋದು ತಗಡು. ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೊಂದ್ಸಲ ಆರ್‌ಟಿಓಗೆ ಗಾಡಿ ತಗೊಂಡು ಹೋಗಿ ಆರ್‌ಸಿ ರಿನ್ಯೂ ಮಾಡಿಸ್ಬೇಕಲ್ಲ, ಆಗ ಫ್ಲೋರ್ ತೂತಾಗಿದ್ರೆ ಕಥೆ ಮುಗೀತು.

ನಮ್ಮ ಚಿಕ್ಕಪ್ಪನ ಮಗ ಮಿಚಿಗನ್‌ನಲ್ಲಿದಾನೆ, ಅವನಿಗೂ ಹಳೇ ಕಾರಿನ ಹುಚ್ಚು. ಅಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರೆ, ಐಸ್ ಕಟ್ಟದೇ ಇರ್ಲಿ ಅಂತ. ಡೆಟ್ರಾಯ್ಟ್ ಸಿಟಿ ಅಡೀಲೇ ಸಾವಿರ ಅಡಿಗಿಂತ ಆಳದಲ್ಲಿ ಉಪ್ಪಿನ ಗಣಿ ಇದೆಯಂತೆ, ಮೇಲೆ ಕಾರು ಮಾಡೋ ಊರು, ಕೆಳಗೆ ಕಾರು ತಿನ್ನೋ ಉಪ್ಪು, ನೋಡಿ ಮಾರಾಯ್ರೆ. ಮೈನಸ್ 9 ಡಿಗ್ರಿ ಆಸುಪಾಸು ಬಂದ್ರೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡಲ್ಲ ಅಂತ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎಲ್ಲ ಹಾಕ್ತಾರೆ, ಅವು ಗಾಳಿಯಿಂದ ತೇವ ಎಳ್ಕೊಂಡು ಕಾರಿನ ಹೊಟ್ಟೆ ಕೆಳಗೆ ಒದ್ದೆಯಾಗೇ ಕೂತಿರ್ತಾವೆ. ಪ್ರೀತಿಯ ಕಾರು ಇರೋರು ಡಿಸೆಂಬರ್‌ನಿಂದ ಅದನ್ನ ಶೆಡ್‌ನಲ್ಲಿ ಮಲಗಿಸಿ, ಓಡಾಡೋಕೆ ಬೇರೆ ಒಂದು ಗುಜರಿ ಗಾಡಿ ಇಟ್ಕೊಳ್ತಾರಂತೆ. ಅದಿಲ್ಲ, ಇದನ್ನೇ ಓಡಿಸ್ಬೇಕು ಅಂದ್ರೆ ಪ್ರತಿ ವರ್ಷ ಸ್ನೋ ಬೀಳೋಕೆ ಮೊದಲು ಕಾರಿನ ಅಡಿಭಾಗಕ್ಕೆ ವ್ಯಾಕ್ಸೋ, ಎಣ್ಣೆಯೋ, ಕುರಿ ಉಣ್ಣೆ ಜಿಡ್ಡಿಂದ ಮಾಡಿರೋ ಲ್ಯಾನೋಲಿನ್ನೋ ಹೊಡೆಸ್ತಾರೆ. ನನಗೆ ಈ ಐಡಿಯಾ ಕೊಟ್ಟಿದ್ದು ಅವನೇ.

ನಮ್ಮಲ್ಲಿ ಸ್ನೋ ಎಲ್ಲಿ, ಮುಳ್ಳಯ್ಯನಗಿರಿ ತುದೀಲೂ ಬೀಳಲ್ಲ, ಉಪ್ಪು ಯಾರು ಹಾಕ್ತಾರೆ ಅಂತ ನೀವು ಕೇಳ್ಬೋದು. ಗ್ಯಾರೇಜ್ ಅಣ್ಣ ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗಿಟ್ಟು, ಆ ಗುಂಡಿ ಮೂಲೆಯಿಂದ ಬೆರಳಲ್ಲಿ ಒಂಚೂರು ಕೆಂಪು ಹರಳು ಕೆರೆದು ತೋರಿಸಿ "ತೋಟ ಇದೆಯಾ ಗೌಡ್ರೇ" ಅಂದ್ರು. ಪೊಟ್ಯಾಷ್! ಅಪ್ಪ ವರ್ಷಗಟ್ಟಲೆ ಕಾಫಿ ತೋಟಕ್ಕೆ ಗೊಬ್ಬರದ ಚೀಲ ಇದರಲ್ಲೇ ಸಾಗಿಸಿದಾರೆ, ಒಂದೆರಡು ಚೀಲಕ್ಕೆಲ್ಲ ಯಾರು ಪಿಕಪ್ ಕರೀತಾರೆ. ಈ ಪೊಟ್ಯಾಷ್ ಗೊಬ್ಬರ, ಚೀಲದ ಮೇಲೆ ಎಂಓಪಿ ಅಂತಿರತ್ತಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ, ಆ ಕಡೆ ದೇಶಗಳಲ್ಲಿ ಐಸ್ ಕರಗಿಸೋಕೂ ಮಾರ್ತಾರೆ. ಗಾಳೀಲಿ ತೇವಾಂಶ 75% ದಾಟಿದ್ರೆ ಅಡುಗೆ ಉಪ್ಪು ತಾನೇ ನೀರು ಬಿಡೋಕೆ ಶುರು ಮಾಡತ್ತೆ, ಪೊಟ್ಯಾಷ್‌ಗೆ 85ರ ಹತ್ತಿರ ಬೇಕು, ಪುನರ್ವಸು ಪುಷ್ಯ ಮಳೇಲಿ ಆಲ್ದೂರು ಕಡೆ ಅದೇನು ದೊಡ್ಡ ವಿಷ್ಯ, ಬಟ್ಟೆನೇ ವಾರಗಟ್ಟಲೆ ಒಣಗಲ್ಲ. ಒಟ್ಟಲ್ಲಿ ಮಿಚಿಗನ್‌ನೋರಿಗೆ ಉಪ್ಪು ರೋಡಿಂದ ಬರತ್ತೆ, ನಾವು ಒಳಗೇ ಇಟ್ಕೊಂಡು ಓಡಾಡ್ತೀವಿ. ಗೊಬ್ಬರ, ಮಂಗಳೂರಿಂದ ಒಣಮೀನು, ವರ್ಷಕ್ಕೊಂದ್ಸಲ ಮಲ್ಪೆ ಬೀಚಲ್ಲಿ ನೀರಿನ ಹತ್ತಿರದ ತನಕ ಗಾಡಿ ಇಳಿಸೋದು, ಇವೆಲ್ಲ ಸೇರಿ ಆಗೋದು ಇದು.

ಈಗ ಕೆಲಸದ ಬಗ್ಗೆ. ಇದಕ್ಕೆ ಮೊದಲೇ ಒಂದ್ಸಲ ಬೇರೆ ಊರಲ್ಲಿ, ದೊಡ್ಡ ಬೋರ್ಡ್ ಹಾಕಿದ್ದ ಒಂದು ಕಡೆ, ಕಪ್ಪು ರಬ್ಬರ್ ಕೋಟಿಂಗ್ ಹೊಡೆದು ಕೊಟ್ಟಿದ್ರು. ಬೆಳಿಗ್ಗೆ ಬಿಟ್ರೆ ಮಧ್ಯಾಹ್ನಕ್ಕೆ ಗಾಡಿ ರೆಡಿ, ನೋಡೋಕೆ ಹೊಸ ಟಾರ್ ರೋಡ್ ಥರ ಫಳಫಳ. ಸರಿಯಾಗಿ ಒಣಗಿಸದೇ, ತುಕ್ಕು ಉಜ್ಜದೇ ಅದರ ಮೇಲೇ ಹೊಡೆದಿದ್ರು ಅಂತ ಗೊತ್ತಾಗಿದ್ದು ಈ ಅಣ್ಣ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ. ಗಟ್ಟಿ ಇರೋ ಕಡೆ ಠಣ್ ಅನ್ನತ್ತೆ, ಡ್ರೈವರ್ ಸೈಡ್ ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ತಗಡಿನ ಪಟ್ಟಿ) ಹಿಂದಿನ ತುದೀಲಿ ಬರೀ ಡಬ್ ಡಬ್. ಅಲ್ಲಿ ಬ್ಲೇಡಿಂದ ಕೊಯ್ದು ಎಳೆದ್ರೆ ರಬ್ಬರ್ ಪದರ ಅಂಗೈಯಗಲ ಹಾಗೇ ಎದ್ದು ಬಂತು, ಹಿಂದೆ ಕಂದು ನೀರು ಇಳೀತು, ತಗಡಿನ ಜಾಗದಲ್ಲಿ ಪುಡಿ ಇತ್ತು ಅಷ್ಟೇ. ರಬ್ಬರ್ ಕೋಟಿಂಗೇ ಕೆಟ್ಟದ್ದು ಅಂತಲ್ಲ, ಹೊಸ ಗಾಡಿಗೆ ಕ್ಲೀನ್ ತಗಡಿನ ಮೇಲೆ ಹೊಡೆದ್ರೆ ಕಲ್ಲೇಟಿಗೆ ಒಳ್ಳೇದೇ, ಆದ್ರೆ ಹಳೇ ಗಾಡೀಲಿ ಎಲ್ಲೋ ಒಂದು ಸಣ್ಣ ಬಿರುಕು ಬಿಟ್ರೂ ಸಾಕು ನೀರು ಒಳಗೆ ಹೋಗಿ ಹೊರಗೆ ಬರಲ್ಲ, ಕಣ್ಣಿಗೂ ಕಾಣಲ್ಲ. ವ್ಯಾಕ್ಸ್ ಆದ್ರೆ ಮೆತ್ತಗೇ ಇರತ್ತೆ, ಹೋದ್ರೆ ಹೋಗಿದ್ದು ಕಾಣತ್ತೆ, ಅಲ್ಲಿಗೆ ಮತ್ತೆ ಹೊಡೆದ್ರಾಯ್ತು.

ಇವ್ರು ಮೊದಲ ದಿನ ಕೋಟಿಂಗ್ ಡಬ್ಬಿ ಮುಚ್ಚಳಾನೇ ತೆಗೀಲಿಲ್ಲ. ಪ್ರೆಶರ್ ವಾಟರಲ್ಲಿ ಅಡಿ ತೊಳೆದ್ರು, ವೀಲ್ ಆರ್ಚ್ ಒಳಗಿನ ಅಂಚಲ್ಲಿ ಸಿಕ್ಕಿದ ಕೆಂಪು ಮಣ್ಣು ಒಂದು ಬಾಂಡ್ಲಿ ಆಯ್ತು, ಸುಳ್ಳಲ್ಲ. ಆಮೇಲೆ ಬಾಗಿಲ ಕೆಳಗಿನ ಡ್ರೈನ್ ತೂತುಗಳನ್ನ ಒಂದೊಂದಾಗಿ ತಂತಿ ಹಾಕಿ ಬಿಡಿಸಿದ್ರು, ಕಾಫಿ ಎಲೆ ಚೂರು, ಸಿಲ್ವರ್ ಓಕ್ ಮರದ ಎಲೆ ಎಲ್ಲ ಬಂತು. ಸೀಟ್ ಬಿಚ್ಚಿ ಕಾರ್ಪೆಟ್ ತೆಗೆದು ಎರಡು ದಿನ ಬಿಸಿಲಿಗೆ ನಿಲ್ಸಿದ್ರು. ಇದನ್ನ ಯಾರೂ ಮಾಡಲ್ಲ, ಟೈಮ್ ವೇಸ್ಟ್ ಅಂತಾರೆ, ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಸಿಗೋ ಕೆಲಸ ಅಂದ್ರೆ ಇದೇ, ವ್ಯಾಕ್ಸ್ ಹೊಡೆಯೋದು ಅರ್ಧ ದಿನದ ಮಾತು. ಪುಡಿಯಾದ ಕಡೆ ಕತ್ತರಿಸಿ ಹೊಸ ತಗಡು ಹಾಕಿ ವೆಲ್ಡ್ ಮಾಡಿದ್ರು, ರನ್ನಿಂಗ್ ಬೋರ್ಡ್ ಬೆಂಗಳೂರು ಜೆಸಿ ರೋಡಿಂದ ತರಿಸಿ ಕೊಟ್ಟಿದ್ದು ನಾನೇ. ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡೀರಿ ಸಾಕು ಅಂತ ಪಕ್ಕದಲ್ಲಿದ್ದ ಇನ್ನೊಬ್ರು ಕಸ್ಟಮರ್ ಸಲಹೆ ಕೊಟ್ರು, ಅಣ್ಣ ತಿರುಗಿನೂ ನೋಡ್ಲಿಲ್ಲ. ಕೊನೆಗೆ ಪ್ರೈಮರ್, ಆಮೇಲೆ ಅಡಿಗೆಲ್ಲ ವ್ಯಾಕ್ಸ್, ಉದ್ದ ಪೈಪ್ ಹಾಕಿ ಬಾಗಿಲೊಳಗೆ, ರನ್ನಿಂಗ್ ಬೋರ್ಡ್ ಒಳಗೆ ಕೂಡ. ಸೈಲೆನ್ಸರ್‌ಗೆ ಮತ್ತೆ ಬ್ರೇಕ್ ಡ್ರಮ್‌ಗೆ ತಾಗದ ಹಾಗೆ ಪೇಪರ್ ಸುತ್ತಿದ್ರು, ನೀವು ಎಲ್ಲೇ ಮಾಡ್ಸಿದ್ರೂ ಇದನ್ನ ನಿಂತು ನೋಡಿ, ಬ್ರೇಕಿಗೆ ವ್ಯಾಕ್ಸ್ ಬಿದ್ರೆ ಹುಡುಗಾಟ ಅಲ್ಲ.

ಚಾರ್ಜ್ ತೊಳೆದು ವ್ಯಾಕ್ಸ್ ಹೊಡೆಯೋಕೆ 4,500, ವೆಲ್ಡಿಂಗ್ ಬೇರೆ.

ಒಂದಿಡೀ ಮಳೆಗಾಲ ಓಡಿಸಿದೆ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೂ ಹೋಗಿ ಬಂದೆ, ತೋಟದ ಕೆಸರಲ್ಲಂತೂ ದಿನಾ. ಮಳೆ ಬಿಟ್ಮೇಲೆ ರ‍್ಯಾಂಪ್ ಹತ್ತಿಸಿ ನೋಡಿದ್ವಿ. ಫ್ಲೋರ್, ರನ್ನಿಂಗ್ ಬೋರ್ಡ್ ಎಲ್ಲ ಚೆನ್ನಾಗಿದೆ, ವೆಲ್ಡ್ ಅಂಚಲ್ಲೂ ತುಕ್ಕಿಲ್ಲ. ಆದ್ರೆ ಟೈರ್ ಹಿಂದೆ ಮರಳು ಸಿಡಿಯೋ ಕಡೆ ವ್ಯಾಕ್ಸ್ ಪೂರ್ತಿ ಸವೆದು ಹೋಗಿ ಪ್ರೈಮರ್ ಕಾಣ್ತಿತ್ತು, ಅಲ್ಲಿಗೆ ಮತ್ತೆ ಹಚ್ಚಿ ಕೊಟ್ರು, ದುಡ್ಡು ಕೇಳ್ಲಿಲ್ಲ. ಐದು ವರ್ಷ ಗ್ಯಾರಂಟಿ ಅಂತೆಲ್ಲ ಇವ್ರು ಹೇಳೋದೇ ಇಲ್ಲ, ವರ್ಷಕ್ಕೊಂದ್ಸಲ ಬನ್ನಿ ಅಂತಾರೆ, ಕೇಳೋಕೆ ಖರ್ಚು ಅನ್ಸತ್ತೆ, ಆದ್ರೆ ನನಗೆ ಆ ಗ್ಯಾರಂಟಿ ಕಾರ್ಡಿಗಿಂತ ಈ ಮಾತೇ ನಂಬಿಕೆ ಬಂತು.

ಬೇಜಾರಾಗಿದ್ದು ಅಂದ್ರೆ ಫೋನ್ ಎತ್ತಲ್ಲ. ಮೂರು ದಿನ ಅಂದಿದ್ದು ವಾರ ಆಯ್ತು, ಒಂದು ಮೆಸೇಜ್ ಆದ್ರೂ ಹಾಕ್ಬೇಕಲ್ವಾ. ವ್ಯಾಕ್ಸ್ ವಾಸನೆ ಸುಮಾರು ದಿನ ಇರತ್ತೆ, ಅಮ್ಮ ಮುಂದೆ ಕೂರಲ್ಲ ಅಂತ ಹಠ ಮಾಡಿದ್ರು. ಬಿಸಿಲಿಗೆ ನಿಲ್ಲಿಸಿದ್ರೆ ಬಾಗಿಲ ಕೆಳಗಿಂದ ಜಿಡ್ಡು ತೊಟ್ಟಿಕ್ಕತ್ತೆ, ಅಂಗಳಕ್ಕೆ ಟೈಲ್ಸ್ ಹಾಕಿಸಿರೋರು ಕೆಳಗೆ ರಟ್ಟು ಇಡಿ. ಇನ್ನೊಂದು, ಟಾರ್ಪಾಲ್ ಹೊದಿಸೋ ಅಭ್ಯಾಸ ಬಿಡಿ ಅಂತ ಅವ್ರು ಹೇಳಿದ್ದು ಸರಿ, ಒದ್ದೆ ಗಾಡಿ ಮುಚ್ಚಿಟ್ರೆ ತೇವ ಅಲ್ಲೇ ನಿಲ್ಲತ್ತೆ, ನಾಲ್ಕೂ ಕಡೆ ಗಾಳಿ ಆಡೋ ಶೆಡ್ ಇದ್ರೆ ಸಾಕು. ಮಿಚಿಗನ್‌ನಲ್ಲೂ ಅಷ್ಟೇ ಅಂತೆ, ಉಪ್ಪು ಮೆತ್ಕೊಂಡ ಕಾರನ್ನ ಬೆಚ್ಚಗಿರೋ ಗ್ಯಾರೇಜಲ್ಲಿ ನಿಲ್ಲಿಸಿದ್ರೆ ಹೊರಗೆ ಚಳೀಲಿ ನಿಂತಿದ್ದಕ್ಕಿಂತ ಬೇಗ ತುಕ್ಕು ಹಿಡಿಯತ್ತೆ.

5ಕ್ಕೆ 4 ಕೊಡ್ತೀನಿ, ಒಂದು ಕಟ್ ಮಾಡಿದ್ದು ಫೋನಿಗೆ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಆಗಿ ಬಿಸಿಲು ಬಿದ್ದಾಗಲೇ ಹೋಗಿ, ಮೇ ಕೊನೇ ವಾರ ಹೋದ್ರೆ ಗಾಡಿ ತಗೊಳ್ಳಲ್ಲ, ಒಣಗಲ್ಲ ಅಂತ ವಾಪಸ್ ಕಳಿಸ್ತಾರೆ. ಭಾನುವಾರ ರಜ.