‘ರೆಫರ್’ ಬಂದ ಶಿಶುವಿಗೆ ಎಬಿಆರ್: ಪರೀಕ್ಷೆ ಪೂರ್ತಿ ಆಗಿದೆಯೇ?

ಹುಟ್ಟಿದ ಕೂಡಲೇ ಮಾಡುವ ಶ್ರವಣ ಸ್ಕ್ರೀನಿಂಗ್‌ನಲ್ಲಿ ‘ರೆಫರ್’ (ಪಾಸಾಗಿಲ್ಲ, ಮುಂದಿನ ಪರೀಕ್ಷೆ ಬೇಕು) ಎಂದು ಬಂದರೆ ಮಗುವಿಗೆ ಕಿವಿ ಕೇಳಿಸದು ಎಂದೇನಲ್ಲ. ಕಿವಿನಾಳದಲ್ಲಿ ಅಂಟಿ ಉಳಿದ ಕೊಳೆ, ನಡುಗಿವಿಯ ದ್ರವ ಇದ್ದರೂ ಹಾಗೆ ಬರುತ್ತದೆ. ಅನುಮಾನ ಬಗೆಹರಿಸುವುದು ಎಬಿಆರ್, ಅಂದರೆ ಶಬ್ದಕ್ಕೆ ಶ್ರವಣನರ ಮತ್ತು ಮಿದುಳುಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆ; ಹಲವರ ಬಾಯಲ್ಲಿ ‘ಬೆರಾ’. ಮಗು ತಾನಾಗಿ ನಿದ್ದೆ ಮಾಡುವಾಗ ನಡೆಯುವ ಈ ಪರೀಕ್ಷೆಯ ಮೇಲೆ ನಮಗೆ ಪೂರ್ಣ ಭರವಸೆಯಿದೆ. ಆದರೆ ಬರೀ ಕ್ಲಿಕ್ ಶಬ್ದ ಕೇಳಿಸಿ ‘ನಾರ್ಮಲ್’ ಎಂದು ಬರೆದುಕೊಡುವ ಪರೀಕ್ಷೆಯ ಮೇಲೆ ಇಲ್ಲ.

ಕ್ಲಿಕ್‌ಗೆ ಬರುವ ಪ್ರತಿಕ್ರಿಯೆ ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಭಾಗದ್ದು. ತಗ್ಗಿನ ಸ್ವರಗಳಷ್ಟೇ ಕೇಳಿಸದ ಮಗು ಇದರಲ್ಲಿ ಪಾಸಾಗಿಬಿಡಬಹುದು. ಆದ್ದರಿಂದ 500, 1000, 2000, 4000 ಹರ್ಟ್ಸ್‌ಗಳ ಟೋನ್ ಬರ್ಸ್ಟ್ (ಒಂದು ಆವರ್ತನದ ಚುಟುಕು ಸ್ವರ) ಬೇಕು, ಅದೂ ಎರಡೂ ಕಿವಿಗೆ ಬೇರೆ ಬೇರೆಯಾಗಿ. ಮಗು ಯಾವಾಗ ಎಚ್ಚರವಾಗುತ್ತದೋ ಹೇಳಲಾಗದು. ಅನುಭವಿ ಆಡಿಯಾಲಜಿಸ್ಟ್ ಮೊದಲು ಎರಡೂ ಕಿವಿಯ 2000 ಹರ್ಟ್ಸ್ ಮುಗಿಸಿ ಆಮೇಲೆ 500ಕ್ಕೆ ಬರುತ್ತಾರೆ. ಅರ್ಧಕ್ಕೆ ನಿಂತರೂ ಅಷ್ಟು ಮಾಹಿತಿ ಕೈಯಲ್ಲಿರುತ್ತದೆ.

ಹಣೆಯ ಮೇಲೆ, ಕಿವಿಯ ಹಿಂದೆ ಚರ್ಮ ಉಜ್ಜಿ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಅಲ್ಲಿನ ವಿದ್ಯುತ್ ತಡೆ (ಇಂಪೀಡೆನ್ಸ್) 5 ಕಿಲೋಓಮ್‌ಗಿಂತ ಕೆಳಗಿರಬೇಕು. ಎಣ್ಣೆ, ಕ್ರೀಮ್ ಹಚ್ಚಿದ್ದರೆ ಅದು ಇಳಿಯುವುದೇ ಇಲ್ಲ, ಗ್ರಾಫ್ ತುಂಬ ಗದ್ದಲ. ಶಬ್ದ ತಗ್ಗಿಸುತ್ತಾ ಗ್ರಾಫಿನಲ್ಲಿ ಪ್ರತಿಕ್ರಿಯೆಯ ಮುಖ್ಯ ಗುರುತಾದ ಐದನೇ ಅಲೆ ಎಲ್ಲಿಯವರೆಗೆ ಕಾಣುತ್ತದೆ ಎಂದು ನೋಡುತ್ತಾರೆ. ಅದೇ ಮಟ್ಟದಲ್ಲಿ ಎರಡನೇ ಸಲ ತೆಗೆದ ಗ್ರಾಫ್ ಹೊಂದದಿದ್ದರೆ ಆ ಅಲೆಯನ್ನು ನಂಬುವಂತಿಲ್ಲ.

ಹೆಚ್ಚಿನ ಕಡೆ ಕೈಬಿಡುವುದು ಮೂಳೆಯ ಮೂಲಕ ಕೇಳಿಸುವ ಭಾಗವನ್ನು. ದೋಷ ನಡುಗಿವಿಯದೋ ಒಳಕಿವಿಯದೋ ಎಂದು ಬೇರ್ಪಡಿಸುವುದೇ ಅದು. ಜೊತೆಗೆ ಟಿಂಪನೋಮೆಟ್ರಿ (ಕಿವಿತಮಟೆ, ನಡುಗಿವಿಯ ಚಲನೆ ನೋಡುವ ಪರೀಕ್ಷೆ) 1000 ಹರ್ಟ್ಸ್‌ನದ್ದಾಗಿರಬೇಕು: 6 ತಿಂಗಳೊಳಗಿನ ಮಗುವಿನಲ್ಲಿ 226 ಹರ್ಟ್ಸ್ ಸ್ವರದ ಪ್ರೋಬ್ ನಡುಗಿವಿಯಲ್ಲಿ ದ್ರವವಿದ್ದರೂ ಸರಿಯಾಗಿದೆ ಎಂದು ತೋರಿಸಬಹುದು. ಜೋರು ಶಬ್ದಕ್ಕೂ ಐದನೇ ಅಲೆ ಕಾಣದಿದ್ದರೆ ಕ್ಲಿಕ್‌ನ ಎರಡು ಧ್ರುವತೆಗಳನ್ನೂ (ಗಾಳಿಯನ್ನು ಒತ್ತುವ, ಸೆಳೆಯುವ ಬಗೆ) ಪ್ರತ್ಯೇಕವಾಗಿ ಕೊಟ್ಟು ನೋಡಲೇಬೇಕು. ಧ್ರುವತೆ ಬದಲಾದಾಗ ಅಲ್ಲಿ ಕಾಣುವ ಬೇರೆ ಅಲೆ ತಲೆಕೆಳಗಾದರೆ ಅದು ಕಾಕ್ಲಿಯರ್ ಮೈಕ್ರೋಫೋನಿಕ್, ಅಂದರೆ ಒಳಕಿವಿಯ ರೋಮಕೋಶಗಳ ವಿದ್ಯುತ್ ಸಂಕೇತ. ಒಳಕಿವಿ ಕೆಲಸ ಮಾಡಿದರೂ ನರದ ಸಂಕೇತ ಮಿದುಳಿಗೆ ಸರಿಯಾಗಿ ತಲುಪದ ಆಡಿಟರಿ ನ್ಯೂರೋಪಥಿಯ ಸುಳಿವು. ಇಯರ್‌ಫೋನಿನ ಕೊಳವೆ ಹಿಸುಕಿ ಹಿಡಿದಾಗ ಆ ಅಲೆ ಮಾಯವಾಗಬೇಕು, ಇಲ್ಲವಾದರೆ ಯಂತ್ರದ್ದೇ ವಿದ್ಯುತ್ ಸದ್ದು. ಎನ್ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 5 ದಿನಕ್ಕೂ ಹೆಚ್ಚು ಇದ್ದ ಮಕ್ಕಳಲ್ಲಿ ಈ ಧ್ರುವತೆಯ ಪರೀಕ್ಷೆಯನ್ನು ಎಂದೂ ಬಿಡಬಾರದು.

ಒಂದರಿಂದ ಎರಡು ಗಂಟೆ ಬೇಕಾಗಬಹುದು. ದಾರಿಯಲ್ಲಿ ಮಲಗಲು ಬಿಡದೆ, ಹಸಿದ ಮಗುವನ್ನು ಕರೆತಂದು ಅಲ್ಲೇ ಹಾಲು ಕುಡಿಸಿ ಮಲಗಿಸುವುದು ಎಲ್ಲಕ್ಕಿಂತ ಫಲಿಸುವ ತಯಾರಿ. ತಿಂಗಳು ಕಳೆದಷ್ಟೂ ಸಹಜ ನಿದ್ದೆಯಲ್ಲಿ ಮುಗಿಸುವುದು ಕಷ್ಟ, ನಿದ್ದೆಯ ಔಷಧ ಬೇಕಾಗಬಹುದು. ಹಾಗಾಗಿ ‘ಇನ್ನೊಂದು ತಿಂಗಳು ನೋಡಿ ಮತ್ತೆ ಸ್ಕ್ರೀನಿಂಗ್ ಮಾಡೋಣ’ ಎನ್ನುತ್ತಲೇ ಇರುವ ಕಡೆಗೆ ನಮ್ಮ ಶಿಫಾರಸಿಲ್ಲ. ಮತ್ತೆ ಮತ್ತೆ ಸ್ಕ್ರೀನಿಂಗ್ ಮಾಡಿದರೆ ಅಕಸ್ಮಾತ್ ಪಾಸಾಗುವ ಸಂಭವ ಹೆಚ್ಚುತ್ತದೆ. 1 ತಿಂಗಳೊಳಗೆ ಸ್ಕ್ರೀನಿಂಗ್, 3ರೊಳಗೆ ರೋಗನಿರ್ಣಯ, 6ರೊಳಗೆ ನೆರವು ಎಂಬ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ವರದಿ ಕೈಗೆ ಬಂದಾಗ ಪ್ರತಿ ಕಿವಿಯ ಪ್ರತಿ ಆವರ್ತನಕ್ಕೂ ಸಂಖ್ಯೆ ಇದೆಯೇ ನೋಡಿ. ಅದು ಯಂತ್ರ ತೋರಿಸಿದ ಅಂಕಿಯೋ, ತಿದ್ದುಪಡಿ ಮಾಡಿ ಅಂದಾಜಿಸಿದ ಶ್ರವಣಮಟ್ಟವೋ ಎಂದು ಬರೆದಿರಲೇಬೇಕು. ತಿದ್ದದ ಅಂಕಿಯಿಂದ ಶ್ರವಣಯಂತ್ರ ಹೊಂದಿಸಿದರೆ ಆ ಪುಟ್ಟ ಕಿವಿಗೆ ಬೇಕಾದದ್ದಕ್ಕಿಂತ ಜೋರಾದ ಶಬ್ದ ಹೋಗುತ್ತದೆ.