ಲಿನಕ್ಸ್‌ನಲ್ಲಿ ರಾ ಫೋಟೊ: ಡಾರ್ಕ್‌ಟೇಬಲ್, ರಾಥೆರಪಿ, ಡಿಜಿಕ್ಯಾಮ್

ರಂಗನತಿಟ್ಟು ಮತ್ತು ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಹಕ್ಕಿಗಳ ರಾ ಫೋಟೊಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರಗಳು) ಲಿನಕ್ಸ್ ಮಿಂಟ್ ಇರುವ ಲ್ಯಾಪ್‌ಟಾಪಿನಲ್ಲಿ ಜೋಡಿಸಿಟ್ಟುಕೊಂಡು ತಿದ್ದಲು ಡಾರ್ಕ್‌ಟೇಬಲ್, ರಾಥೆರಪಿ, ಡಿಜಿಕ್ಯಾಮ್ ಎಂಬ ಮೂರೂ ತಂತ್ರಾಂಶಗಳನ್ನು ಬಳಸಿ ನೋಡಿದ್ದೇನೆ. ನನ್ನ ಒಲವು ಡಾರ್ಕ್‌ಟೇಬಲ್ ಕಡೆಗೆ. ಅದಕ್ಕೆ ಮುಖ್ಯ ಕಾರಣ ಅದರ ಮಾಸ್ಕ್‌ಗಳು, ಅಂದರೆ ಚಿತ್ರದ ಆಯ್ದ ಭಾಗವನ್ನಷ್ಟೇ ತಿದ್ದುವ ಸೌಲಭ್ಯ.

ಬಿಸಿಲೇರಿದ ಮೇಲೆ ರಂಗನತಿಟ್ಟಿನ ದೋಣಿಯಿಂದ ತೆಗೆದ ಚಮಚದ ಕೊಕ್ಕಿನ ಹಕ್ಕಿಯ ಚಿತ್ರದಲ್ಲಿ ಬೆನ್ನಿನ ಗರಿಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಪ್ಪು ಕೊಕ್ಕು ಹಿಂದಿನ ಮರದ ನೆರಳಿನಲ್ಲಿ ಕಳೆದುಹೋಗಿರುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಮಾಡ್ಯೂಲನ್ನು ಎರಡನೆಯ ಬಾರಿ ಸೇರಿಸಿ, ಹಕ್ಕಿಯ ಸುತ್ತ ಗೆರೆ ಎಳೆದು, ಆ ಗೆರೆಯೊಳಗೂ ಹೆಚ್ಚು ಬೆಳಕಿರುವ ಭಾಗವನ್ನಷ್ಟೇ ಆರಿಸಿ ತಗ್ಗಿಸಬಹುದು. ಸೆನ್ಸರ್ ಮಟ್ಟದಲ್ಲಿಯೇ ಬೆಳಕು ಮಿತಿ ಮೀರಿರದಿದ್ದರೆ ಗರಿಗಳ ಎಳೆಗಳು ಒಂದೊಂದಾಗಿ ಮತ್ತೆ ಕಾಣುತ್ತವೆ. ರಾಥೆರಪಿಯಲ್ಲಿ ಚಿತ್ರದ ಒಂದು ಭಾಗವನ್ನಷ್ಟೇ ತಿದ್ದುವ ಸೌಲಭ್ಯ 2022ರ 5.9 ಆವೃತ್ತಿಯಲ್ಲಿ ಬಂದಿತಾದರೂ ಅದರ ವಿಧಾನ ನನ್ನ ಕೈಗೆ ಒಗ್ಗಲಿಲ್ಲ.

ಡಾರ್ಕ್‌ಟೇಬಲ್‌ನ ಒಂದು ತೊಡಕು ಮಾತ್ರ ನನ್ನನ್ನು ಬಹಳ ಕಾಡಿತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಫೋಟೊಗಳ ಫೋಲ್ಡರುಗಳನ್ನು ಫೈಲ್ ಮ್ಯಾನೇಜರಿನಿಂದ ಅದಕ್ಕೆ ಸಾಗಿಸಿದಾಗ, ಡಾರ್ಕ್‌ಟೇಬಲ್‌ನಲ್ಲಿ ಅವುಗಳ ಜಾಗದಲ್ಲೆಲ್ಲ ತಲೆಬುರುಡೆಯ ಚಿಹ್ನೆ ಮೂಡಿತು. ಪ್ರತಿ ಚಿತ್ರ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಅದು ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊರಗಿನಿಂದ ಫೋಲ್ಡರನ್ನು ಕದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ.

ತಿದ್ದುಪಡಿಗಳು ಚಿತ್ರದ ಪಕ್ಕದಲ್ಲೇ ಡಾರ್ಕ್‌ಟೇಬಲ್ ಬರೆದಿಡುವ ಎಕ್ಸ್‌ಎಂಪಿ ಎಂಬ ಸಣ್ಣ ಫೈಲಿನಲ್ಲಿಯೂ ಇರುವುದರಿಂದ ಏನೂ ನಷ್ಟವಾಗಲಿಲ್ಲ. ಎಡಗಡೆಯ ಪಟ್ಟಿಯಲ್ಲಿ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಹೊಸ ಜಾಗವನ್ನು ತೋರಿಸಿದರೆ ಸರಿಹೋಗುತ್ತದೆ, ಆದರೆ ಫೋಲ್ಡರುಗಳು ಹೆಚ್ಚಿದ್ದರೆ ಇದು ಬೇಸರದ ಕೆಲಸ. ಈಗ ಸಾಗಿಸುವುದಿದ್ದರೆ ಡಾರ್ಕ್‌ಟೇಬಲ್ ಒಳಗಿನಿಂದಲೇ ಸಾಗಿಸುತ್ತೇನೆ. ಮೈಸೂರಿನ ಮನೆಯಲ್ಲಿ ಡಿಸ್ಕ್ ಬಿಟ್ಟು ಮಂಡ್ಯದ ಕಡೆಯ ಊರಿಗೆ ಹೊರಡುವ ಮುನ್ನ, ಬೇಕಾದ ಚಿತ್ರಗಳ ಸ್ಥಳೀಯ ಪ್ರತಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತೇನೆ. ಊರಿನಲ್ಲಿ ತಿದ್ದಿದ್ದನ್ನು ಮರಳಿ ಬಂದು ಡಿಸ್ಕ್ ಜೋಡಿಸಿದಾಗ ಮೂಲದೊಂದಿಗೆ ಹೊಂದಿಸಬಹುದು. ಈ ಸೌಲಭ್ಯವೊಂದೇ ನನ್ನ ಅರ್ಧ ಸಿಟ್ಟನ್ನು ಇಳಿಸಿತು.

ರಾಥೆರಪಿಗೆ ಈ ತಲೆನೋವಿಲ್ಲ. ಅದು ಫೋಲ್ಡರನ್ನು ಇದ್ದಂತೆಯೇ ತೆರೆಯುತ್ತದೆ. ಪಕ್ಕದ ಪಿಪಿ3 ಫೈಲುಗಳೂ ಜೊತೆಯಲ್ಲಿ ಹೋದರೆ ತಿದ್ದುಪಡಿಗಳು ಎಲ್ಲಿಗಾದರೂ ಬರುತ್ತವೆ. 2020ರ 5.8 ಆವೃತ್ತಿಯಲ್ಲಿ ಬಂದ ಕ್ಯಾಪ್ಚರ್ ಶಾರ್ಪನಿಂಗ್ ಎಂಬ ಚಿತ್ರವನ್ನು ಚೂಪುಗೊಳಿಸುವ ಸೌಲಭ್ಯ ಹೆಜ್ಜಾರ್ಲೆಯ ಕಣ್ಣಿನ ಸುತ್ತಲಿನ ಸೂಕ್ಷ್ಮ ವಿವರಗಳನ್ನು ಬಹಳ ಚೆನ್ನಾಗಿ ಎತ್ತಿ ತೋರಿಸುತ್ತದೆ.

ಡಿಜಿಕ್ಯಾಮ್ ಇರುವುದು ಮುಖ್ಯವಾಗಿ ಜೋಡಣೆಗೆ. ಮುಖ ಗುರುತಿಸುವುದು, ಒಂದೇ ಚಿತ್ರದ ನಕಲುಗಳನ್ನು ಹುಡುಕುವುದು ಇದರಲ್ಲಿ ಸುಲಭವಾದ್ದರಿಂದ ಮನೆಯವರ ಫೋಟೊಗಳನ್ನು ಇದಕ್ಕೇ ಒಪ್ಪಿಸಿದ್ದೇನೆ. ಹಕ್ಕಿಗಳ ಫೋಲ್ಡರುಗಳಲ್ಲಿ ಮಾತ್ರ ಇದಕ್ಕೆ ಎಕ್ಸ್‌ಎಂಪಿ ಬರೆಯಲು ಬಿಡುವುದಿಲ್ಲ, ಏಕೆಂದರೆ ಡಾರ್ಕ್‌ಟೇಬಲ್ ಬರೆಯುವುದೂ ಅದೇ ಹೆಸರಿನ ಫೈಲಿಗೆ.

ಮೂರೂ ಉಚಿತ, ತಿಂಗಳ ಬಾಡಿಗೆಯ ತಂತ್ರಾಂಶ ನನ್ನ ಜೇಬಿಗೆ ಹೊರೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಲ್ಯಾಪ್‌ಟಾಪಿನಲ್ಲಿ ಡಾರ್ಕ್‌ಟೇಬಲ್‌ನ ನಾಯ್ಸ್ (ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆಗಳು) ತೆಗೆಯುವ ಕೆಲಸ ನಿಧಾನವಾಗುತ್ತದೆ, ಆದರೂ ಹಕ್ಕಿಗಳ ಚಿತ್ರಗಳಿಗೆ ನಾನು ಅದನ್ನೇ ತೆರೆಯುತ್ತೇನೆ. ವರ್ಷಕ್ಕೆ ಕೆಲವೇ ಚಿತ್ರಗಳನ್ನು ತಿದ್ದಿ, ಫೋಲ್ಡರುಗಳನ್ನು ಆಗಾಗ ಅತ್ತಿತ್ತ ಸಾಗಿಸುವವರಿಗೆ ರಾಥೆರಪಿಯೇ ಹೆಚ್ಚು ಅನುಕೂಲ.