ವೇವ್‌ರನ್ನರ್ ವಿಎಕ್ಸ್: ಶಾಫ್ಟ್ ಬೇರಿಂಗಿನ ಗ್ರೀಸ್ ವ್ಯವಸ್ಥೆ ಹೇಗಿದೆ?

ಜಲಕ್ರೀಡೆಯ ವ್ಯವಹಾರಕ್ಕೆಂದು ಜೆಟ್ ಸ್ಕೀ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಎಂಜಿನ್ ಎಷ್ಟು ಸಿಸಿ, ಎಷ್ಟು ವೇಗ ಹೋಗುತ್ತದೆ, ಎಷ್ಟು ಜನ ಕೂರಬಹುದು ಎಂಬುದನ್ನು. ಯಮಹಾ ಕಂಪನಿಯ ವೇವ್‌ರನ್ನರ್ ವಿಎಕ್ಸ್ ಮಾಲಿಕೆಯ ಬಗ್ಗೆ ಇಂಥ ಪ್ರಶ್ನೆಗಳಿಗೆ ಉತ್ತರ ಎಲ್ಲಿಯಾದರೂ ಸಿಗುತ್ತದೆ. ಈ ವಿಮರ್ಶೆ ಆಸನದ ಕೆಳಗೆ, ಎಂಜಿನ್ನಿನ ಹಿಂಬದಿಯಲ್ಲಿರುವ ಒಂದು ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಬಾಯಿ) ಮತ್ತು ಅದು ಕಾಪಾಡುವ ಬೇರಿಂಗಿನ ಕುರಿತದ್ದು. ಮಲ್ಪೆ, ಮುರುಡೇಶ್ವರಗಳಂತಹ ಕಡೆ ಉಪ್ಪುನೀರಿನಲ್ಲಿ ದಿನವಿಡೀ ದುಡಿಯುವ ಯಂತ್ರಕ್ಕೆ ಎಂಜಿನ್ನಿನ ಶಕ್ತಿಗಿಂತ ಇದೇ ಮುಖ್ಯವೆಂದು ನಾನು ನಂಬಿದ್ದೇನೆ.

ಈ ಯಂತ್ರಗಳಲ್ಲಿ ಎಂಜಿನ್ನಿನ ತಿರುಗುವಿಕೆ ಮೊದಲು ರಬ್ಬರ್ ಇರುವ ಒಂದು ಕಪ್ಲಿಂಗಿಗೆ, ಅಲ್ಲಿಂದ ನಡುವಿನ ಬೇರಿಂಗ್ ಹೌಸಿಂಗಿಗೆ (ಬೇರಿಂಗ್ ಕೂರುವ ಗೂಡು), ಆಮೇಲೆ ಉದ್ದನೆಯ ಡ್ರೈವ್ ಶಾಫ್ಟಿನ ಮೂಲಕ ಹಿಂಬದಿಯ ಜೆಟ್ ಪಂಪಿನಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಇಂಪೆಲ್ಲರಿಗೆ ತಲುಪುತ್ತದೆ. ಶಾಫ್ಟ್ ಯಂತ್ರದ ಒಡಲನ್ನು ದಾಟಿ ನೀರಿನ ಕಡೆಗೆ ಹೋಗುವ ಜಾಗದಲ್ಲಿಯೇ ಈ ಹೌಸಿಂಗ್ ಕುಳಿತಿರುವುದರಿಂದ ಅದರ ಮೇಲೆ ಎರಡು ಹೊಣೆಗಳಿವೆ: ಶಾಫ್ಟನ್ನು ನೇರವಾಗಿ ಹಿಡಿದಿಡುವುದು ಮತ್ತು ಸಮುದ್ರದ ನೀರು ಎಂಜಿನ್ ಇರುವ ಕೋಣೆಗೆ ನುಗ್ಗದಂತೆ ತಡೆಯುವುದು. ಒಳಗೆ ಬೇರಿಂಗ್ ಇದೆ, ಅದರ ಎರಡೂ ಬದಿಗೆ ಸೀಲುಗಳಿವೆ, ಸೀಲುಗಳ ನಡುವಿನ ಖಾಲಿ ಜಾಗವನ್ನು ಗ್ರೀಸ್ ತುಂಬಿರುತ್ತದೆ. ಆ ಗ್ರೀಸ್ ಬೇರಿಂಗಿನ ಸವೆತವನ್ನು ತಗ್ಗಿಸುವುದಷ್ಟೇ ಅಲ್ಲ, ಸೀಲಿನ ತುಟಿ ಸವೆದಾಗ ಒಳಬರಲು ನೋಡುವ ನೀರಿಗೆ ಅಡ್ಡಗೋಡೆಯೂ ಆಗಿರುತ್ತದೆ. ಗ್ರೀಸ್ ಕಡಿಮೆಯಾದರೆ ಸೀಲ್ ಒಣಗಿ ಸವೆಯುತ್ತದೆ, ಉಪ್ಪುನೀರು ಬೇರಿಂಗಿಗೆ ಇಳಿಯುತ್ತದೆ, ಗುಂಡುಗಳ ಮೇಲೆ ತುಕ್ಕು ಹಿಡಿದು ಶಾಫ್ಟ್ ಅದುರತೊಡಗುತ್ತದೆ, ಆ ಅದುರಿನಿಂದ ಉಳಿದ ಸೀಲೂ ಹಾಳಾಗಿ ನೀರು ಒಡಲೊಳಗೆ ನಿಲ್ಲುತ್ತದೆ. ಕೊನೆಗೆ ಮಾಲೀಕನ ಕೈಗೆ ಬರುವ ಬಿಲ್ಲಿನಲ್ಲಿ ಬೇರಿಂಗಿನ ಬೆಲೆಯೇ ಎಲ್ಲಕ್ಕಿಂತ ಚಿಕ್ಕದಾಗಿರುತ್ತದೆ.

ಯಮಹಾಕ್ಕೆ ಪ್ರತಿಸ್ಪರ್ಧಿಯಾದ ಸೀ-ಡೂ ಜೆಟ್ ಸ್ಕೀಗಳು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ಅವುಗಳ 4-ಟೆಕ್ ಎಂಜಿನ್ನಿನ ಮಾದರಿಗಳಲ್ಲಿ ಶಾಫ್ಟ್ ಒಡಲನ್ನು ದಾಟುವ ಕಡೆ ಕಾರ್ಬನ್ ರಿಂಗ್ ಮತ್ತು ಸ್ಟೀಲ್ ರಿಂಗ್ ಒಂದಕ್ಕೊಂದು ಒತ್ತಿಕೊಂಡು ನೀರನ್ನು ತಡೆಯುತ್ತವೆ, ಗ್ರೀಸ್ ಹಚ್ಚುವುದು ಶಾಫ್ಟಿನ ತುದಿಯ ಹಲ್ಲುಗಳಿಗೆ ಮಾತ್ರ. ಅದು ಸರಳವಾದ ಏರ್ಪಾಡು, ಗ್ರೀಸ್ ಗನ್ನಿನ ಕೆಲಸ ಅಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಹಲ್ಲುಗಳಿಗೆ ಗ್ರೀಸ್ ಹಚ್ಚಬೇಕಾದರೆ ಪಂಪ್ ಕಳಚಿ ಶಾಫ್ಟ್ ಎಳೆಯಬೇಕು, ಅಂದರೆ ಯಂತ್ರವನ್ನು ಟ್ರೇಲರಿಗೆ ಏರಿಸಿ ಒಂದಿಷ್ಟು ಹೊತ್ತು ಕೆಲಸದಿಂದ ಹೊರಗಿಡಬೇಕು. ವಿಎಕ್ಸ್‌ನ ನಡುವಿನ ಬೇರಿಂಗಿಗೆ ಗ್ರೀಸ್ ತುಂಬಲು ಆಸನ ತೆಗೆದರೆ ಸಾಕು. ಮರಳು ದಂಡೆಯಲ್ಲಿ, ಬೆಳಗಿನ ಮೊದಲ ಗ್ರಾಹಕ ಬರುವ ಮುನ್ನ ಮುಗಿಸಬಹುದಾದ ಕೆಲಸವೇ ನಿಜವಾಗಿ ನಡೆಯುವ ಕೆಲಸ, ಆದ್ದರಿಂದ ನನ್ನ ಮೆಚ್ಚುಗೆ ಯಮಹಾದ ಕಡೆಗಿದೆ.

ಕೈಪಿಡಿ ಹೇಳುವ ಅವಧಿ ಹೀಗಿದೆ: ಹೊಸ ಯಂತ್ರಕ್ಕೆ ಮೊದಲ 10 ತಾಸುಗಳಾದ ಮೇಲೆ 33 ರಿಂದ 35 ಘನ ಸೆಂಟಿಮೀಟರ್ ಗ್ರೀಸ್, ಆಮೇಲೆ ಪ್ರತಿ 100 ತಾಸಿಗೆ ಅಥವಾ 12 ತಿಂಗಳಿಗೊಮ್ಮೆ 6 ರಿಂದ 8 ಘನ ಸೆಂಟಿಮೀಟರ್. ಮಾದರಿವರ್ಷಕ್ಕೆ ತಕ್ಕಂತೆ ಇದರಲ್ಲಿ ವ್ಯತ್ಯಾಸವಿರಬಹುದಾದ್ದರಿಂದ ಅವರವರ ಯಂತ್ರದ ಕೈಪಿಡಿಯನ್ನೇ ನೋಡಿಕೊಳ್ಳಬೇಕು. ಇಲ್ಲಿ ನಮ್ಮ ಕರಾವಳಿಯವರು ಗಮನಿಸಬೇಕಾದದ್ದು, 12 ತಿಂಗಳೆಂಬ ಮಾತು ರಜೆಯ ದಿನ ಮಾತ್ರ ಸವಾರಿ ಮಾಡುವ ಮಾಲೀಕನಿಗೆ ಅನ್ವಯಿಸುವಂಥದ್ದು ಎಂಬುದನ್ನು. ದಿನಕ್ಕೆ ಆರು ತಾಸು ಓಡುವ ಬಾಡಿಗೆ ಯಂತ್ರದಲ್ಲಿ 100 ತಾಸು ತುಂಬಲು 17 ದಿನ ಸಾಕು. ಕ್ಯಾಲೆಂಡರ್ ನೋಡಿ ವರ್ಷಕ್ಕೊಮ್ಮೆ ಗ್ರೀಸ್ ಹೊಡೆಸುವವರು ಯಂತ್ರದ ಫಲಕದಲ್ಲಿರುವ ತಾಸಿನ ಮೀಟರನ್ನು ಒಮ್ಮೆ ನೋಡಿದರೆ ತಾವು ಎಷ್ಟು ಹಿಂದೆ ಬಿದ್ದಿದ್ದೇವೆಂದು ತಿಳಿಯುತ್ತದೆ.

ಪ್ರಮಾಣದ ವಿಷಯದಲ್ಲಿ ಅಂದಾಜು ಸಲ್ಲದು. ಗ್ರೀಸ್ ಗನ್ನಿನ ಒಂದು ಒತ್ತಿಗೆ ಎಷ್ಟು ಗ್ರೀಸ್ ಬರುತ್ತದೆಂಬುದು ಗನ್ನಿನಿಂದ ಗನ್ನಿಗೆ ಬೇರೆಯಾಗಿರುತ್ತದೆ. ಒಂದು ಕಾಗದದ ಮೇಲೆ ಹತ್ತು ಬಾರಿ ಒತ್ತಿ, ಬಂದದ್ದನ್ನು ಸಣ್ಣ ತಕ್ಕಡಿಯಲ್ಲಿ ತೂಗಿ, ಹತ್ತರಿಂದ ಭಾಗಿಸಿದರೆ ಆ ಗನ್ನಿನ ಲೆಕ್ಕ ಸಿಗುತ್ತದೆ. ಗ್ರೀಸಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಕಡಿಮೆಯಿರುವುದರಿಂದ 6 ರಿಂದ 8 ಘನ ಸೆಂಟಿಮೀಟರ್ ಎಂದರೆ ಸುಮಾರು ಐದೂವರೆಯಿಂದ ಏಳು ಗ್ರಾಂ ಎಂದು ತಿಳಿಯಬಹುದು. ಕೈಯಿಂದ ಒತ್ತುವ ಗನ್ ಕೂಡ ಸಾವಿರಾರು ಪಿಎಸ್‌ಐ ಒತ್ತಡ ಹುಟ್ಟಿಸಬಲ್ಲದು, ರಬ್ಬರಿನ ಸೀಲು ಅಂಥ ಒತ್ತಡಕ್ಕೆ ಮಾಡಿದ್ದಲ್ಲ. ಲಾರಿ ಗ್ಯಾರೇಜಿನಲ್ಲಿ ಹಳೆ ಗ್ರೀಸ್ ಹೊರಬರುವ ತನಕ ಒತ್ತುವ ರೂಢಿಯಿದೆ. ಅದನ್ನೇ ಇಲ್ಲಿ ಮಾಡಿದರೆ ಸೀಲು ತನ್ನ ಜಾಗದಿಂದ ಕದಲಿ, ಕಾಪಾಡಲು ಹೊರಟ ಬೇರಿಂಗನ್ನು ನಾವೇ ನೀರಿಗೆ ಒಪ್ಪಿಸಿದಂತಾಗುತ್ತದೆ. ಗಾಳಿಯಿಂದಾಗಲಿ ಬ್ಯಾಟರಿಯಿಂದಾಗಲಿ ನಡೆಯುವ ಗನ್ನನ್ನು ಈ ನಿಪ್ಪಲ್ಲಿನ ಹತ್ತಿರ ತರಲೇಬಾರದು.

ನನ್ನ ಆಕ್ಷೇಪ ನಿಪ್ಪಲ್ ಇರುವ ಜಾಗದ ಬಗ್ಗೆ. ಎಂಜಿನ್ನಿನ ಹಿಂದಿನ ಆ ಇಕ್ಕಟ್ಟಿನಲ್ಲಿ ಗಡಸು ಪೈಪಿನ ಗನ್ ನೇರವಾಗಿ ಕೂರುವುದಿಲ್ಲ, ಬಾಗುವ ಹೋಸ್ ಇರುವ ಗನ್ ಬೇಕೇ ಬೇಕು. ಸೇಫ್ಟಿ ಕಾರ್ಡ್ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ) ತೆಗೆದಿಟ್ಟು, ನಿಪ್ಪಲ್ಲಿನ ಬಾಯಿಗೆ ಅಂಟಿರುವ ಉಪ್ಪು ಮತ್ತು ಮರಳನ್ನು ಬಟ್ಟೆಯಿಂದ ಪೂರ್ತಿ ಒರೆಸಿಯೇ ಗನ್ ಹಚ್ಚಬೇಕು, ಇಲ್ಲವಾದರೆ ಮೊದಲ ಒತ್ತಿನಲ್ಲಿಯೇ ಮರಳು ಬೇರಿಂಗಿಗೆ ಸೇರುತ್ತದೆ. ನಿಧಾನವಾಗಿ ಒತ್ತುತ್ತಾ ಮುಂಬದಿಯ ಸೀಲಿನ ಅಂಚನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಿರಬೇಕು. ಅಲ್ಲಿ ಗ್ರೀಸಿನ ತೆಳು ಗೆರೆ ಮೂಡಿದರೆ, ಲೆಕ್ಕದ ಒತ್ತುಗಳು ಉಳಿದಿದ್ದರೂ ನಿಲ್ಲಿಸುವುದು ಒಳ್ಳೆಯದು. ಆ ಗೆರೆಯ ಬಣ್ಣವನ್ನು ಗಮನಿಸಬೇಕು: ಹಾಲು ಬೆರೆತ ಚಹಾದಂತೆ ಕಂಡರೆ ಒಳಗೆ ನೀರು ಹೋಗಿದೆ, ಕೆಂಪು ಕಂದು ಪುಡಿ ಬೆರೆತಿದ್ದರೆ ಬೇರಿಂಗ್ ಆಗಲೇ ತುಕ್ಕು ಹಿಡಿದಿದೆ. ಎರಡನೆಯ ಸ್ಥಿತಿಯಲ್ಲಿ ಇನ್ನಷ್ಟು ಗ್ರೀಸ್ ತುಂಬಿ ಸದ್ದಡಗಿಸುವುದು ಪ್ರಯೋಜನವಿಲ್ಲದ ಕೆಲಸ, ಹೌಸಿಂಗ್ ಬಿಚ್ಚಿ ಬೇರಿಂಗ್ ಮತ್ತು ಸೀಲುಗಳನ್ನು ಒಟ್ಟಿಗೆ ಬದಲಿಸಬೇಕು.

ಗ್ರೀಸ್ ಯಾವುದು ಎಂಬ ವಿಷಯದಲ್ಲಿ ನಮ್ಮಲ್ಲಿ ಆಗುವ ತಪ್ಪು ದೊಡ್ಡದು. ಕೈಪಿಡಿ ಕೇಳುವುದು ನೀರು ತಡೆಯುವ ಮೆರೀನ್ ಗ್ರೀಸನ್ನು. ಅದು ಹತ್ತಿರದಲ್ಲಿ ಸಿಗದಿದ್ದಾಗ ಆಟೊಮೊಬೈಲ್ ಅಂಗಡಿಯವರು ಕೊಡುವುದು ಲಾರಿ, ಟ್ರ್ಯಾಕ್ಟರುಗಳ ವೀಲ್ ಬೇರಿಂಗಿಗೆ ಹಾಕುವ ಎಪಿ-3 ಗ್ರೀಸನ್ನು. ಅದು ತನ್ನ ಜಾಗದಲ್ಲಿ ಒಳ್ಳೆಯದೇ, ಆದರೆ ಈ ಜಾಗಕ್ಕೆ ಹೊಂದುವುದಿಲ್ಲ. ಗ್ರೀಸಿನ ಗಟ್ಟಿತನವನ್ನು ಎನ್‌ಎಲ್‌ಜಿಐ ಎಂಬ ದರ್ಜೆಯಿಂದ ಅಳೆಯುತ್ತಾರೆ. 2ನೆಯ ದರ್ಜೆಯದು ಮೆತ್ತಗಿದ್ದು ಸಣ್ಣ ದಾರಿಯಲ್ಲಿಯೂ ಹರಿದು ಬೇರಿಂಗಿನ ಸುತ್ತ ತುಂಬಿಕೊಳ್ಳುತ್ತದೆ, 3ನೆಯ ದರ್ಜೆಯದು ಅದಕ್ಕಿಂತ ಗಟ್ಟಿಯಾದ್ದರಿಂದ ಮೂಲೆಗಳನ್ನು ತಲುಪದೆ ಉಳಿಯಬಹುದು. ಎಪಿ-3 ಈ 3ನೆಯ ದರ್ಜೆಯದೇ. ಇದರ ಜೊತೆಗೆ ಅದರಂಥ ಸಾಮಾನ್ಯ ಲಿಥಿಯಂ ಗ್ರೀಸ್ ಆಗಾಗ ನೆನೆಯುವ ಬೇರಿಂಗಿಗಾದರೆ ನಡೆದೀತು, ಉಪ್ಪುನೀರಿನಲ್ಲಿಯೇ ಬಾಳುವ ಬೇರಿಂಗಿಗೆ ಸಾಲದು. ಮೆರೀನ್ ಗ್ರೀಸ್ ಸಿಗದ ಪಕ್ಷದಲ್ಲಿ ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್ ಎಂದು ಡಬ್ಬಿಯ ಮೇಲೆ ಬರೆದಿರುವ 2ನೆಯ ದರ್ಜೆಯ ಗ್ರೀಸನ್ನು ಹುಡುಕಬೇಕು. ನೀರಿಗೆ ತೊಳೆದುಹೋಗದ ಗುಣವೂ ತುಕ್ಕು ತಡೆಯುವ ಗುಣವೂ ಅದರ ಮೂಲವಸ್ತುವಿನಲ್ಲಿಯೇ ಇವೆ. ಆದರೆ ಒಳಗಿರುವ ಹಳೆಯ ಗ್ರೀಸ್ ಯಾವುದೆಂದು ತಿಳಿಯದೆ ಬೇರೊಂದನ್ನು ಮೇಲೆ ತುಂಬಬಾರದು. ಹೊಂದದ ಎರಡು ಬಗೆಗಳು ಬೆರೆತರೆ ತೆಳ್ಳಗಾಗಿ ಸೋರಿಹೋಗುವ ಸಂಭವವಿದೆ. ಬಗೆ ಬದಲಿಸುವುದಿದ್ದರೆ ಹೌಸಿಂಗ್ ಬಿಚ್ಚಿದ ಸಂದರ್ಭದಲ್ಲಿ, ಎಲ್ಲವನ್ನೂ ತೊಳೆದು ಬದಲಿಸುವುದು ಕ್ಷೇಮ.

ಮಳೆಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೂನ್ ಬಂತೆಂದರೆ ನಮ್ಮ ಕಡಲತೀರದ ಜಲಕ್ರೀಡೆ ನಿಲ್ಲುತ್ತದೆ, ಯಂತ್ರಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತವೆ. ಮತ್ತೆ ಶುರುವಾಗುವಾಗ ಗ್ರೀಸ್ ಹೊಡೆದರಾಯಿತೆಂಬ ಎಣಿಕೆ ಸರಿಯಲ್ಲ. ಸೀಲಿನೊಳಗೆ ಉಳಿದ ಉಪ್ಪುನೀರಿನ ನಾಲ್ಕು ಹನಿಗೆ ಆ ತಿಂಗಳುಗಳೇ ತುಕ್ಕು ಹಿಡಿಸುವ ಕಾಲ. ನಿಲ್ಲಿಸುವ ಮುನ್ನವೇ ಗ್ರೀಸ್ ತುಂಬಿ, ಅದು ಎಲ್ಲ ಕಡೆ ಹರಡುವಂತೆ ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿಡಬೇಕು.

ಈ ನಿಪ್ಪಲ್ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಭಾವಿಸಬಾರದು. ಜೆಟ್ ಪಂಪಿನೊಳಗೆ ಇಂಪೆಲ್ಲರನ್ನು ಹೊತ್ತಿರುವ ಬೇರಿಂಗುಗಳಿಗೆ ಇಲ್ಲಿಂದ ಗ್ರೀಸ್ ಹೋಗುವುದಿಲ್ಲ, ಅವಕ್ಕೆ ಪಂಪನ್ನೇ ಬಿಚ್ಚಬೇಕು. ಆ ಕೆಲಸದ ಮಟ್ಟಿಗೆ ಯಾವ ಕಂಪನಿಯ ಯಂತ್ರವಾದರೂ ಶ್ರಮ ಹೆಚ್ಚುಕಡಿಮೆ ಒಂದೇ.

ಹಳೆಯ ವಿಎಕ್ಸ್ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಆಸನ ತೆಗೆಸಿ ನೋಡಬೇಕು. ನಿಪ್ಪಲ್ಲಿನ ಬಾಯಿ ಶುಭ್ರವಾಗಿದ್ದು ಅದರ ಗುಂಡು ಒತ್ತಿದರೆ ಒಳಸರಿದು ಮರಳಿ ಬಂದರೆ ಗ್ರೀಸ್ ಕಂಡ ಯಂತ್ರವೆಂದು ತಿಳಿಯಬಹುದು. ಬಣ್ಣ, ಉಪ್ಪು, ತುಕ್ಕುಗಳಿಂದ ಅದು ಮುಚ್ಚಿಹೋಗಿದ್ದರೆ, ಮಾರುವವರು ಸರ್ವಿಸ್ ಬಗ್ಗೆ ಏನೇ ಹೇಳಲಿ, ಬೇರಿಂಗ್ ಹೌಸಿಂಗಿನ ಪೂರ್ತಿ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತು ಮುಂದುವರಿಸಬೇಕು.